ಹದಿನಾಕನೇ ನಂಬರ

ಎತ್ತಾದರ ಕೆಡವಬೇಕು. ಹಗ್ಗ ಹಾಕಿ, ನಾಕೂ ಕಾಲು ಕಟ್ಟಿ,
ಕೋಡು ಒತ್ತಿ ಹಿಡಿಯಾಕ ಒಬ್ಬ ಬೇಕು.
ಕುದುರಿನ್ನ ಕೆಡವಂಗಿಲ್ಲ, ಕೇಳಬೇಕು,
ಅಂತಿದ್ದ ಗೈಬುಸಾಬ ನಾಲಬಂದ.
ಬೆನ್ನ ಮ್ಯಾಲ ಅಂಗೈ ಇಟ್ಟು, ತೊಡಿ ಸವರಿ,
ಮೊಣಕಾಲಗುಂಟ ಇಳದು, "ಕೊಡವ್ವಾ" ಅಂದರ
ಕಾಲು ಕೊಡತಿದ್ದುವು,
ಕೈಗಡ ಕೊಡಾವರಂಗ, ಅರ್ಧಾ ಮನಸಿಂದ.

ಗದಗಿನ ಟಾಂಗಾಕೂಟದ ಹಿಂದ
ಬೇವಿನ ಗಿಡದ ಬುಡಕ ಅವನ ಕುಲಿಮಿ.
ನಾ ತಿದಿ ಎಳಿಯೂ ಹುಡುಗ.
ಬಿಸಿ ನಾಲ ಗೊರಸಿಗೆ ಮುಟ್ಟಿದಾಗ ಏಳೂ ಹೊಗಿಗೆ
ಕೂದಲ ಸುಟ್ಟ ವಾಸನಿ.
ಅವ್ವ ಬಾಗಲದಾಗ ನಿಲ್ಲಿಸಿ ಅಂಗಿ ಬಿಚ್ಚಸತಿದ್ಲು.

ಊರಾಗಿನ ಕುದುರಿ ಎಲ್ಲಾ ಅವಂಗ ಗೊತ್ತು, ಗೊರಸಿನಿಂದ.
"ಬೆಟಗೇರಿ ರಾಜೇಸಾಬಂದು, ಎಡಗಾಲು ಹೊರಗ ತುಳೀತೈತಿ.
ದವಾಖಾನಿ ಮುಂದಿಂದು, ಗೊರಸು ಕಟಕರೊಟ್ಟಿ, ಮೊಳಿ ನಿಲ್ಲೂದಿಲ್ಲ."
ಬಣ್ಣ ಕೇಳಿದರ ತಡವರಸತಿದ್ದ.
ನಾಲ ಹೊಡಿಯಾಂವ ಬಾಲದ ಕಡೆ ಮಾರಿ ಮಾಡಿ ಬಗ್ಗಬೇಕು,
ಮೂವತ್ತು ವರ್ಷ ಬಗ್ಗಿದ್ದ.
ಕುದುರಿ ಮಾರಿ ಯಾವಾಗಲೂ ಅವನ ಬೆನ್ನ ಹಿಂದ,
ಉಸುರು ಬಿಡಕೋತ.

ಸ್ವಂತಕ್ಕೊಂದು ಕುದುರಿ?
"ದರ್ಜಿ ಹೊಲದ ಮದಿವಿ ಅಂಗಿ ಎಲ್ಲಾ ತಾನ ತೊಡತಾನೇನು?"
ಅಂತಿದ್ಲು ಚಾಂದಬಿ.

ಆಮ್ಯಾಲ ಆಟೋ ಬಂದುವು.
ಹದಿನಾಕನೇ ನಂಬರಿನ ಟಾಂಗಾದಾಂವ, ಲಾಲಸಾಬ,
ಹನ್ನೊಂದು ಸಲದ ನಾಲಿನ ಬಾಕಿ ಇಟ್ಟಾಂವ,
ಒಂದ ರಾತ್ರಿ ಕುದುರಿನ್ನ ಬೇವಿನ ಗಿಡಕ್ಕ ಕಟ್ಟಿ
ಸೊಲ್ಲಾಪುರದ ಗಾಡಿ ಹತ್ತಿದ.
ಕೊಳ್ಳಾಗ ಮುನಸಿಪಾಲ್ಟಿ ತಗಡು ಹಂಗ ಇತ್ತು.

ಮುಂಜಾನೆ ಗೈಬುಸಾಬ ರೂಢಿಯಂಗ ಕಾಲಿನ ಕಡೆ ಹೋದ.
ಎತ್ತಿ ನೋಡಿದ. ನಾಲ ಹೊಸವು.
ತಾನ ಹೊಡದದ್ದು, ಹ್ವಾದ ವಾರ, ಉದ್ರಿ.
ಮಾಡಾಕೇನೂ ಇರಲಿಲ್ಲ.
ಅದಕ್ಕ ಮುಂದ ಬಂದ.
ನಿಂತ.
"ಲೇ, ಇದರ ಕಣ್ಣಿಗೆ ರೆಪ್ಪಿ ಅದಾವಲ್ಲೋ" ಅಂದ,
ನಾನ ಇಷ್ಟ ದಿನಾ ಮುಚ್ಚಿಟ್ಟಿದ್ದೆ ಅನ್ನೂವಂಗ.

ಚಾಂದಬಿ ಎರಡ ದಿನ ಮಾತಾಡಲಿಲ್ಲ.
ಮೂರನೇ ದಿನ ನೆನಸಿದ ಹುರಳಿ ಬುಟ್ಟಿ ತಂದು
"ನಿನಗಲ್ಲ" ಅಂದ್ಲು ಗಂಡಗ.

ಟಾಂಗಾ ಹೋದುವು.
ಕೂಟ ಅನ್ನೂ ಹೆಸರು ಕಂಡಕ್ಟರನ ಬಾಯಾಗ ಉಳೀತು.
ಗೊರಸು ಮಾತ್ರ ಬೆಳಿಯೂದು ಬಿಡಲಿಲ್ಲ.
ಕುಲಿಮಿ ಹೊತ್ತಬೇಕಂದ್ರ ನಾಲ ಸವೀಬೇಕು,
ನಾಲ ಸವೀಬೇಕಂದ್ರ ನಡೀಬೇಕು.
ಅದಕ್ಕ ಉಂಡಾದ ಮ್ಯಾಲ ಇಬ್ಬರೂ
ಮುಳಗುಂದ ನಾಕಾ ತನಕ, ಡಾಂಬರದ ಮ್ಯಾಲ,
ಯಾರನ್ನೂ ಎಲ್ಲಿಗೂ ಒಯ್ಯದನ ಹೋಗಿ ಬರತಿದ್ರು.
ಅಂವ ಮುಂದಲ್ಲ, ಹಿಂದಲ್ಲ,
ಮಾರಿ ಕಾಣೂವಷ್ಟು ಬಾಜೂಕ.
ಹಾಸಿಗ್ಯಾಗ ಮಲಗಿ ನಾ ಎಣಸತಿದ್ದೆ:
ಟಕ್, ಟಕ್, ಟಕ್,
ನಾಕನೇದು ಜರಾ ತಡಾ.

ಹೊಸ ಬಡಾವಣಿಯವರು ಸ್ಕೂಟರ್ ಮ್ಯಾಲ ಬಂದು
ಹೊಸ್ತಲಕ್ಕ ಲಾಳ ಕೇಳತಿದ್ರು.
ಸವದದ್ದ ಬೇಕು, ಹೊಸಾದು ನಡಿಯೂದಿಲ್ಲ.
"ಯಾವ ಕಾಲಿಂದು?"
ಅವರಿಗೆ ಗೊತ್ತಿರತಿರಲಿಲ್ಲ.
"ನಾಕನೇದು ಒಯ್ಯಿರಿ. ಮನಿ ಬಿಟ್ಟು ಹೋಗಾಕ ಒಲ್ಲೆ ಅಂತೈತಿ ಅದು."
"ನಿನ್ನ ಬಾಗಲಕ್ಕ ಯಾಕಿಲ್ಲೋ?" ಅಂದ ಒಬ್ಬ.
ಗೈಬುಸಾಬ ಬೇವಿನ ಗಿಡದ ಕಡೆ ಗದ್ದ ಎತ್ತಿದ:
"ನಾಕ ಅದಾವ. ಕುದುರಿ ಸಮೇತ."

ಇಬ್ಬರಾಗ ಯಾರು ಮದಲ ಹೋದರು ಅನ್ನೂದು
ಓಣ್ಯಾಗ ಇನ್ನೂ ವಾದ ಐತಿ.
ನಾ ಆಗ ಊರಾಗ ಇರಲಿಲ್ಲ.

ಈಗ ಆ ಬುಡಕ ನನ್ನ ಪಂಕ್ಚರ್ ಅಂಗಡಿ.
ಗ್ವಾಡಿಗೆ ತಗಡಿನ ಹದಿನಾಕು ಹೊಡದೀನಿ,
ಅಂಗಡಿ ನಂಬರ ಅಂತ ತಿಳೀತಾರ ಮಂದಿ.
ಗಾಲಿಗೆ ಬಗ್ಗೂ ಮದಲ
ಒಂದ ಸಲ ಗಾಡಿ ಮುಂದ ಹೋಗಿ ನಿಂತು ಬರತೀನಿ.
"ಏನ ನೋಡಿದಿ?" ಅಂತಾರ.
ಗಾಳಿ ಎಷ್ಟ ಬೇಕು ಹೇಳ್ರಿ, ಅಂತೀನಿ.