ಗುರುತು ಹೇಳಿ ಒಯ್ಯಿರಿ

ಇಲ್ಲಿ ಅದಕ್ಕೆ ಡಮ್ಮಿ ಅಂತಾರೆ.
ನಮ್ಮ ಕಡೆ ಡಮ್ಮಿ ಅಂದರೆ
ಚುನಾವಣೆಗೆ ಸುಮ್ಮನೆ ನಿಂತವನು,
ಗೆಲ್ಲುವ ಆಸೆ ಇಲ್ಲದವನು.
ಇದು ಹಾಲಿಲ್ಲದ ಮೊಲೆ,
ನನ್ನ ಬದಲಿಗೆ ನಿಂತು
ದಿನಾ ಗೆಲ್ಲುತ್ತದೆ.

ಶೆಫೀಲ್ಡಿನ ಟ್ರಾಮ್ ಡಿಪೊದಲ್ಲಿ
ಕಳೆದ ವಸ್ತುಗಳ ಕಿಟಕಿಯ ಹಿಂದೆ ನನ್ನ ಕೆಲಸ.
ಒಂಟಿ ಕೈಗವಸು, ಕಡ್ಡಿ ಮುರಿದ ಕೊಡೆ,
ಟಿಶ್ಯೂ ಕಾಗದದಲ್ಲಿ ಸುತ್ತಿದ ಒಂದು ಸೆಟ್ಟು ಹಲ್ಲು.
ಅದು ಬಂದು ಮೂರು ವಾರವಾಯಿತು,
ಪಾಪ, ಏನು ಉಣ್ಣುತ್ತಿದ್ದಾರೋ.
ಡಮ್ಮಿಗಳಂತೂ ಬಕೆಟ್ಟುಗಟ್ಟಲೆ.
ಅವನ್ನು ಕೇಳಿಕೊಂಡು ಯಾರೂ ಬರುವುದಿಲ್ಲ.
ನಾನೇ ಹನ್ನೊಂದು ಕಳೆದಿದ್ದೇನೆ,
ಸೋಫಾ ನುಂಗಿದ ಎರಡನ್ನು ಬಿಟ್ಟು.

ಅದಕ್ಕೇ ಗುರುಸಿದ್ದ ಈ ಜಾಣ ಡಮ್ಮಿ ತಂದ.
ಇಪ್ಪತ್ತೆಂಟು ಪೌಂಡು.
ರೂಪಾಯಿಗೆ ಗುಣಿಸುವುದನ್ನು ಬಿಟ್ಟು ವರ್ಷವಾಗಿತ್ತು,
ಆದರೂ ಗುಣಿಸಿದೆ.
ಬಿದ್ದರೆ ಕೂಗುತ್ತದೆ, ಕತ್ತಲಲ್ಲಿ ಮಿನುಗುತ್ತದೆ,
ದೂರ ಹೋದರೆ ಫೋನಿನ ನಕ್ಷೆಯಲ್ಲಿ
ಹಸಿರು ಚುಕ್ಕಿಯಾಗುತ್ತದೆ.
ಮೊದಲ ರಾತ್ರಿ ಅದು ಏಳು ಸಲ ಕೂಗಿತು,
ನೀಲು ನಾಲ್ಕು ಸಲ.
ಅಳು ನಿಲ್ಲಿಸಲು ತಂದದ್ದು
ತಾನೇ ಅತ್ತರೆ, ಅದರ ಬಾಯಿಗೆ ಏನಿಡುವುದು?

ಗುರುವಾರ, ನನ್ನ ರಜೆ.
ಟ್ರಾಮಿನಲ್ಲಿ ಅವಳು ಯಾವಾಗ ಉಗುಳಿದಳೋ,
ಫೋನು ಚೀಲದ ತಳದಲ್ಲಿ
ಒದ್ದೆ ಬಟ್ಟೆಗಳ ಕೆಳಗೆ ಮೂಕವಾಗಿತ್ತು.
ಮನೆಗೆ ಬಂದು ನೋಡಿದರೆ
ಚುಕ್ಕಿ ಹಾಫ್‌ವೇ ಕಡೆಗೆ ಹೊರಟಿತ್ತು.
ಆ ಸಾಲಿನ ಕೊನೆಯ ನಿಲ್ದಾಣದ ಹೆಸರೇ ಅರ್ಧದಾರಿ.
ಅದಕ್ಕೆ ಈ ಊರಲ್ಲಿ ನಗುವವಳು ನಾನೊಬ್ಬಳೇ.
ಅಲ್ಲಿಗೆ ಮುಟ್ಟಿತು, ತಿರುಗಿತು,
ಮಾಲಿನ್ ಬ್ರಿಜ್‌ವರೆಗೆ ಬಂತು, ಮತ್ತೆ ಹೋಯಿತು.
ಒಲೆಯ ಮೇಲೆ ಉಪ್ಪಿಟ್ಟು ತಳ ಹಿಡಿಯುತ್ತಿತ್ತು.
ಟಿಕೆಟ್ಟಿಲ್ಲದೆ ಊರು ಸುತ್ತುವ ಮಗಳನ್ನು ಕಾಯುವಂತೆ
ನಾವಿಬ್ಬರೂ ಚುಕ್ಕಿ ಕಾಯುತ್ತ ಕೂತೆವು.
ಮಗಳು ಅಲ್ಲೇ ಚಾಪೆಯ ಮೇಲೆ
ತನ್ನ ಕಾಲಿನ ಹೆಬ್ಬೆರಳು ಚೀಪುತ್ತಿದ್ದಳು.
ಹನ್ನೊಂದೂವರೆಗೆ ಚುಕ್ಕಿ ನಿಂತಿತು.
ನನ್ನ ಡಿಪೊ. ನನ್ನದೇ ಕಿಟಕಿ.

ಬೆಳಗ್ಗೆ ಡೊರೀನ್ ಒಳಗೆ, ನಾನು ಹೊರಗೆ.
ಇಪ್ಪತ್ತು ವರ್ಷದ ಸರ್ವಿಸು ಅವಳದು,
ನಿಯಮ ಅಂದರೆ ನಿಯಮ.
ಗುರುತು ಹೇಳು, ಒಯ್ಯಿ, ಅಂದಳು.
ಹಸಿರು ಬಳೆ.
ಬೇರೆ?
ಕೂಗುತ್ತದೆ.
ಇದು ಕೂಗುತ್ತಿಲ್ಲವಲ್ಲ.
ರಾತ್ರಿಯಿಡೀ ಕರೆದು ಕರೆದು ಬ್ಯಾಟರಿ ಸತ್ತಿತ್ತು,
ಸಾಕ್ಷಿ ಹೇಳುವ ಸ್ಥಿತಿಯಲ್ಲಿರಲಿಲ್ಲ.
ಅವಳು ಕನ್ನಡಕ ಏರಿಸಿ ದೀಪದ ಕೆಳಗೆ ಹಿಡಿದಳು.
ಇಲ್ಲಿ ಕಚ್ಚಿದ ಗುರುತಿದೆ.
ನಿನ್ನ ಮಗಳಿಗೆ ಹಲ್ಲಿದೆಯಾ?

ಇಲ್ಲ ಅಂದೆ.
ಅಂದು, ಸುಮ್ಮನಾದೆ.
ಮೂರು ದಿನದ ಜೊಲ್ಲು, ಕೆಂಪು ಕೆನ್ನೆ,
ಮೊನ್ನೆ ಹಾಲೂಡಿಸುವಾಗ ಚುರುಕ್ಕೆಂದದ್ದು.
ರಬ್ಬರಿನ ಮೇಲೆ ಒಂದು ಗೀರು,
ನುಚ್ಚಕ್ಕಿಯ ಅಂಚಿನಷ್ಟು.
ಇಡೀ ಊರಲ್ಲಿ ತಾನೆಲ್ಲಿದ್ದೇನೆಂದು ಹೇಳಿದ್ದು
ಇದೊಂದನ್ನು ಹೇಳಿರಲಿಲ್ಲ.

ಮೇಲಿನದೋ, ಕೆಳಗಿನದೋ?
ಚಪ್ಪಟೆ ಬದಿ ನಾಲಿಗೆಗೆ, ಉಬ್ಬು ಅಂಗುಳಿಗೆ,
ತಿರುಗಿಸಿ ತಿರುಗಿಸಿ ನೋಡಿದೆ.
ಮೇಲಿನ ಹಲ್ಲು ಮೊದಲು ಮೂಡಿದರೆ
ಸೋದರಮಾವನಿಗೆ ಆಗಿಬರುವುದಿಲ್ಲ.
ನಾನು ನಂಬುತ್ತೇನೆಂದಲ್ಲ.
ನಿಂತಲ್ಲಿಂದಲೇ ಬ್ಯಾಡಗಿಗೆ ಫೋನು ಹಚ್ಚಿದೆ.
ಚನ್ನಬಸೂ, ಕೆಳಗಿಂದೈತಿ, ನಿನಗೇನೂ ಆಗೂದಿಲ್ಲ!
ಮೆಣಸಿನಕಾಯಿ ಚೀಲಗಳ ನಡುವೆ ಅವನು ಸೀನಿದ,
ಮತ್ತೆ ಸೀನಿದ,
ಏನು ಕಳೀತು ಅಂದಿ? ಎಂದು ಕೂಗಿದ.
ಕಳದಿಲ್ಲೋ ಮಾರಾಯಾ, ಸಿಕ್ಕೈತಿ.

ಡೊರೀನ್ ರಿಜಿಸ್ಟರು ನನ್ನ ಕಡೆ ತಿರುಗಿಸಿದಳು.
ವಸ್ತು: ಡಮ್ಮಿ. ಗುರುತು: ಹಲ್ಲು, ಒಂದು.
ಸಹಿ ಹಾಕಿ, ಸುತ್ತು ಬಳಸಿ ಒಳಗೆ ಹೋಗಿ
ಕೋಟು ತೂಗುಹಾಕಿದೆ.
ಒಂಬತ್ತಾಗಿತ್ತು.
ಕಿಟಕಿಯ ಮುಂದೆ ಆಗಲೇ ಒಬ್ಬ ಮುದುಕ
ಬಾಯಿಗೆ ಕೈ ಅಡ್ಡ ಹಿಡಿದು
ನಿಂತಿದ್ದ.