ಕಂದೀಲು ತಂದಿಟ್ಟವಳು

ಕುದಿನೀರಲ್ಲಿ ಗೂಡು ತೇಲಿಸಿ
ಎಳೆಯ ತುದಿ ಹುಡುಕುವುದು ನನ್ನ ಕೆಲಸ,
ಶಿಡ್ಲಘಟ್ಟದ ಈ ತಗಡಿನ ಸೂರಿನಡಿ ಇಪ್ಪತ್ತೇಳು ವರ್ಷ.
ಹಾಗಾಗಿ ಪತ್ತೇದಾರರ ಕಷ್ಟ ನನಗೂ ಗೊತ್ತು ಅನ್ನುತ್ತೇನೆ.
ಪಕ್ಕದ ಬೇಸಿನ್ನಿನ ಜೈಬುನ್ನೀಸಾ ನಗುತ್ತಾಳೆ.

ಕಾದಂಬರಿ ಓದಿದ್ದು ಏಳನೇ ಕ್ಲಾಸು ಫೇಲಾದ ಬೇಸಿಗೆಯಲ್ಲಿ.
ಗ್ರಂಥಾಲಯದ ಪ್ರತಿ, ರಟ್ಟು ಕಿತ್ತದ್ದು,
ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ 'ಇವನೇ' ಎಂದು,
ಇನ್ಯಾರೋ 'ಅಲ್ಲ, ಇವನು' ಎಂದು ಗೀಚಿದ್ದು.
ಅಮಲ್ದಾರರು ಸತ್ತಿದ್ದಾರೆ. ಬಾಗಿಲಿಗೆ ಒಳಗಿನಿಂದ ಚಿಲಕ.
ಮೇಜಿನ ಮೇಲೆ ಅರ್ಧ ಕುಡಿದ ಹಾಲು.
ತಮ್ಮನಿಗೆ ಸಾಲ, ಸೊಸೆಗೆ ಗುಟ್ಟು, ಡಾಕ್ಟರಿಗೆ ಹಳೇ ಹಗೆ.
ನಡುವೆ ಹನ್ನೊಂದು ಕಡೆ, ಒಂದೇ ಸಾಲು:
ತಾಯಕ್ಕ ಕಂದೀಲು ತಂದಿಟ್ಟು ಹೋದಳು.
ಹನ್ನೊಂದು ಸಲ ಓದಿದೆ, ಒಮ್ಮೆಯೂ ಅವಳ ಮುಖ ನೋಡಲಿಲ್ಲ.
ಪೆನ್ಸಿಲಿನವರೂ ನೋಡಿರಲಿಲ್ಲ.

ಕೊನೆಗೆ ಅವಳು ಬಾಯಿ ಬಿಡುತ್ತಾಳೆ, ಎರಡೂವರೆ ಪುಟ.
"ಕ್ಷಾಮದ ವರ್ಷ ಉಗ್ರಾಣದ ಬೀಗದ ಕೈ ಅವರ ಸೊಂಟದಲ್ಲಿತ್ತು ಸ್ವಾಮಿ,
ನನ್ನ ಮಗು ನನ್ನ ಸೊಂಟದಲ್ಲಿತ್ತು."
ಪತ್ತೇದಾರ ಕನ್ನಡಕ ಒರೆಸಿಕೊಳ್ಳುತ್ತಾನೆ,
ಒರೆಸುತ್ತಲೇ ಇರುತ್ತಾನೆ.

ಮೊದಲ ಸಿನಿಮಾ ಕಪ್ಪು ಬಿಳುಪು.
ಅಮ್ಮನ ಜೊತೆ ಟೆಂಟಿನಲ್ಲಿ, ನೆಲದ ಟಿಕೆಟ್ಟು,
ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂತು.
ನೆರಳುಗಳು ಚೆನ್ನಾಗಿದ್ದವು, ಒಪ್ಪುತ್ತೇನೆ:
ಗೋಡೆಯ ಮೇಲೆ ಕಂದೀಲಿನ ಬೆಳಕು ಆಳಿಗಿಂತ ಮುಂಚೆ ಬರುತ್ತಿತ್ತು.
ತಾಯಕ್ಕನ ಸರದಿ ಬಂದಾಗ ಮಾತ್ರ ಪಿಟೀಲು ಜೋರಾಯಿತು.
ಸೊಂಟ ಅಂತ ಕೇಳಿಸಿತು, ಬೀಗದ ಕೈ ಕೇಳಿಸಲಿಲ್ಲ.
ಮನೆ ದಾರಿಯಲ್ಲಿ ಅಮ್ಮ ಕೇಳಿದಳು:
"ಅವಳಿಗೇನಾಗಿತ್ತಂತೆ?"

ಎರಡನೆಯದು ಬಣ್ಣದ್ದು. ಮದುವೆಯಾದ ಹೊಸತು, ಬಾಲ್ಕನಿ.
ಬಂಗಲೆಗೆ ಮೂರು ಮಹಡಿ ಬಂದಿತ್ತು,
ಪತ್ತೇದಾರನಿಗೆ ಜೀಪು, ಜೀಪಿಗೊಂದು ಹಾಡು.
ಕೊಂದವನು ತಮ್ಮ. ಇಂಟರ್‌ವಲ್ಲಿಗೆ ಮುಂಚೆಯೇ ಗೊತ್ತಾಗುತ್ತೆ,
ಸಿಗರೇಟು ಸೇದುವವನು ಅವನೊಬ್ಬನೇ.
ತಾಯಕ್ಕ ಹಾಲು ತಂದಳು, ಹೆಣ ನೋಡಿ ಕಿರುಚಿದಳು, ಅಷ್ಟೇ.
"ಕೆಲಸದವಳು ಕೊಂದರೆ ಜನ ದುಡ್ಡು ವಾಪಸ್ಸು ಕೇಳ್ತಾರೆ,"
ಅಂದರು ನಮ್ಮನೆಯವರು, ಕಡಲೆಕಾಯಿ ಸುಲಿಯುತ್ತ.
ಆ ರಾತ್ರಿ ಅವರಿಗೆ ಹಾಲು ಕೊಡುವಾಗ
ಕೈ ಒಂದು ಗಳಿಗೆ ನಿಂತಿತು. ನಗು ಬಂತು.
ಯಾಕೆ ಅಂದರು. ಏನಿಲ್ಲ ಅಂದೆ.

ಮೂರನೆಯದು ಹೋದ ತಿಂಗಳು, ಜೈಬುನ್ನೀಸಾಳ ಫೋನಿನಲ್ಲಿ,
ಆವಿ ಕೂತ ಗಾಜನ್ನು ಸೆರಗಿನಲ್ಲಿ ಒರೆಸಿ ಒರೆಸಿ.
ತೆಲುಗಿನಲ್ಲಿ ಮಾಡಿ ಕನ್ನಡಕ್ಕೆ ತಂದದ್ದು,
ತುಟಿ ಒಂದು ಊರು, ಮಾತು ಒಂದು ಊರು.
ಅಮಲ್ದಾರರಿಲ್ಲ, ಯಾವುದೋ ಕಂಪನಿಯ ಮಾಲೀಕ.
ಹಾಲಿಲ್ಲ, ಕಾಫಿ ಯಂತ್ರ.
ಡ್ರೋನು ಮೇಲಿಂದ ಎಲ್ಲ ನೋಡುತ್ತೆ.
ಕಂದೀಲೊಂದನ್ನು ಅಲಂಕಾರಕ್ಕೆ ಮೂಲೆಯಲ್ಲಿ ತೂಗುಬಿಟ್ಟಿದ್ದಾರೆ,
ಒಳಗೆ ಬಲ್ಬು.
ತಂದಿಟ್ಟವರು ಯಾರೂ ಇಲ್ಲ.

"ಇದರಲ್ಲಿ ತಾಯಕ್ಕ ಎಲ್ಲೇ?" ಅಂದೆ.
"ಯಾರು?"

ಹೇಳಿದೆ. ಪಿಟೀಲಿಲ್ಲದೆ,
ಚರಕದ ಸದ್ದಿನ ಮೇಲೆ ಗಂಟಲೆತ್ತಿ, ಎರಡೂವರೆ ಪುಟ.
ಮರೆತ ಕಡೆ ನನ್ನದೇ ಸೇರಿಸಿದೆ,
ಬೇಕಾದರೆ ನಾಲ್ಕನೆಯ ಸಿನಿಮಾ ಅನ್ನಿ.
ಕೇಳುತ್ತ ಕೇಳುತ್ತ ಅವಳ ಎಳೆ ಎರಡು ಸಲ ತುಂಡಾಯಿತು.
ಮೇಸ್ತ್ರಿ ಅಲ್ಲಿಂದಲೇ ಕೂಗಿದ.

ನೂಲು ಮುಗಿದ ಗೂಡಿನ ಒಳಗಿಂದ
ಬೆಂದ ಹುಳುವನ್ನು ತೆಗೆದು ಬುಟ್ಟಿಗೆ ಹಾಕುತ್ತ
ಜೈಬುನ್ನೀಸಾ ಕೇಳಿದಳು:
"ಮಗೂ ಹೆಸರೇನಂತೆ?"

ಪುಸ್ತಕದಲ್ಲೂ ಇರಲಿಲ್ಲ ಅದು.