ಬಾಬತ್ತು: ಇತರೆ

ಅಧ್ಯಕ್ಷರು ಲಿಗೋರಿ ಡಿಸೋಜ, ಹಾರ್ಡ್‌ವೇರ್ ಅಂಗಡಿ.
ಖಜಾಂಚಿ ನಾನು. ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿ
ಹನ್ನೊಂದು ವರ್ಷವಾದರೂ ಬೆರಳು ಸುಮ್ಮನಿರುವುದಿಲ್ಲ,
ಅದಕ್ಕೇ ಲೆಕ್ಕದ ಪುಸ್ತಕ ನನ್ನ ಕೈಗೆ.
ಈ ಸಲ ಕಣ್ಣಿನ ಶಿಬಿರ ಸಾಕು, ರಕ್ತದಾನ ಸಾಕು,
ಕಿವಿಗೇನಾದರೂ ಮಾಡೋಣ ಎಂದರು ಅಧ್ಯಕ್ಷರು.
ಯಾಕೆ ಅಂತ ಯಾರೂ ಕೇಳಲಿಲ್ಲ.
ಇದು ಭದ್ರಾವತಿ. ಇಲ್ಲಿ ಬೀದಿಗೆ ನಾಲ್ಕು ಮನೆ
ಟಿ.ವಿ. ಸದ್ದಿನಿಂದಲೇ ಗುರುತು ಸಿಗುತ್ತದೆ.

ಶಿವಮೊಗ್ಗದಿಂದ ಬಂದ ಡಾಕ್ಟರ್ ನಾಗವೇಣಿ
ಬೋರ್ಡಿನ ಮೇಲೊಂದು ಬಸವನಹುಳು ಬರೆದರು.
ಎಲ್ಲರ ಕಿವಿಯೊಳಗೂ ಇದೆಯಂತೆ, ಬಟಾಣಿ ಕಾಳಿನಷ್ಟು.
ಅದರ ಸುರುಳಿಯಲ್ಲಿ ಕಣ್ಣಿಗೆ ಕಾಣದ ಕೂದಲು,
ಸದ್ದು ಹಾದರೆ ನೆಟ್ಟಿ ಗದ್ದೆಯ ಹಾಗೆ ಬಾಗುತ್ತವೆ.
ಭಾರೀ ಸದ್ದು ದಿನವೂ ಬಿದ್ದರೆ ಮಲಗುತ್ತವೆ.
ಮಲಗಿದ್ದು ಏಳುವುದಿಲ್ಲ.
ಮನುಷ್ಯನಿಗೆ, ಎಂದು ಸೇರಿಸಿದರು ಒಂದು ಗಳಿಗೆ ತಡೆದು.
ಕೋಳಿಗೆ ಮತ್ತೆ ಹುಟ್ಟುತ್ತವೆ.
ಹೇಗೆ ಅಂತ ಹುಡುಕುವುದಕ್ಕೇ ದುಡ್ಡು ಬೇಕಿರುವುದು.

ಅದೇ ಸಭೆ, ಅದೇ ಸಂಜೆ, ಕೈ ಎತ್ತಿ ಒಪ್ಪಿತು:
ಭಾನುವಾರ ಕೋಳಿ ಪಲಾವ್, ಪ್ಲೇಟಿಗೆ ನೂರಿಪ್ಪತ್ತು.
ಯಾರೂ ನಗಲಿಲ್ಲ.
ನನಗೆ ನಗು ಬಂದದ್ದು ರಾತ್ರಿ, ನಡಾವಳಿ ಬರೆಯುವಾಗ.
ಒಬ್ಬಳೇ ನಕ್ಕೆ, ಆಮೇಲೆ ಯಾಕೋ ಪೆನ್ನು ಕೆಳಗಿಟ್ಟೆ.

ಇಮಾಮ್ ಭಾಯಿ ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚಿದರು.
ಶಾಕಾಹಾರಿ ಕಾರ್ಯದರ್ಶಿಗಳು ಗಾಳಿ ಬರುವ ಕಡೆ ಕೂತು
ಶಿಸ್ತಾಗಿ ಕೂಪನ್ ಹರಿದರು.
ಮೈಕು ಬೇಡವೆಂದು ಮೊದಲೇ ತೀರ್ಮಾನ,
ಆದರೂ ಯಾರೋ ಕಟ್ಟಿಸಿಬಿಟ್ಟಿದ್ದರು,
ಅದು ಕೂಗಿದ ಹೊಡೆತಕ್ಕೆ ಡಾಕ್ಟರೇ ಕಿವಿ ಮುಚ್ಚಿಕೊಂಡರು.

ಮಧ್ಯಾಹ್ನ ಒಂದೂವರೆಗೆ ಬಂದರು ಗುತ್ಯಪ್ಪ.
ರೋಲಿಂಗ್ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ.
ಕೆಂಪಗೆ ಕಾದ ಕಬ್ಬಿಣ ಹಾವಿನಂತೆ ಹರಿಯುವ ಜಾಗದಲ್ಲಿ
ಅವರೆಲ್ಲ ಕೈಯಲ್ಲೇ ಮಾತಾಡುತ್ತಿದ್ದರಂತೆ:
ಎರಡು ಬೆರಳೆತ್ತಿದರೆ ತಡಿ, ಮುಷ್ಟಿ ತಿರುಗಿಸಿದರೆ ಬಿಡು,
ಎದೆ ಮುಟ್ಟಿಕೊಂಡರೆ ಚಾ.
ಈಗ ಮನೆಯಲ್ಲಿ ಹೆಂಡತಿ ಕರೆಯಬೇಕೆಂದರೆ
ಲೈಟು ಎರಡು ಸಲ ಆರಿಸಿ ಹತ್ತಿಸುತ್ತಾಳೆ.
ಕರೆಂಟು ಹೋಗಿ ಬಂದಾಗೆಲ್ಲ
ಎದ್ದು ಅಡುಗೆಮನೆಗೆ ಹೋಗಿ ನಿಲ್ಲುತ್ತಾರೆ, ಏನು ಅಂತ.

ಚಿಲ್ಲರೆ ಎಣಿಸಿ ಸರಿಯಾಗಿ ನೂರಿಪ್ಪತ್ತು ಕೊಟ್ಟರು.
ಬ್ಯಾನರಿನ ಅಕ್ಷರ ಒಂದೊಂದನ್ನೂ ಓದಿ
ಬಲಗಿವಿ ನನ್ನತ್ತ ತಿರುಗಿಸಿ ಕೇಳಿದರು:
ಔಷಧಿ ಯಾವಾಗ ಬರ್ತದೆ ಅಮ್ಮಾ?

ಸುಳ್ಳು ಹೇಳಬಹುದಿತ್ತು. ಹಿಂದೆ ಸಾಲು ನಿಂತಿತ್ತು.
ಇಪ್ಪತ್ತು ವರ್ಷ ಆಗ್ಬಹುದು, ಎಂದೆ, ಗಟ್ಟಿಯಾಗಿ.
ಸೌಟಿನ ಗದ್ದಲ ದಾಟಿ ಅವರಿಗೆ ಎಷ್ಟು ಮುಟ್ಟಿತೋ.
ಓ, ಎಂದು ತಲೆಯಾಡಿಸಿದರು.
ಜೇಬು ತಡವಿ, ಮಡಚಿಟ್ಟ ಒಂದು ಇಪ್ಪತ್ತರ ನೋಟು ತೆಗೆದು
ನನ್ನ ಡಬ್ಬಿಯ ಮೇಲಿಟ್ಟರು.

ಅಲ್ಲ, ಎಂದು ಕೈಯಾಡಿಸಿದೆ.
ಆ ಸನ್ನೆಗೆ ಮಿಲ್ಲಿನಲ್ಲಿ ಬೇರೆ ಅರ್ಥವಿತ್ತೇನೋ,
ನಕ್ಕು, ಪ್ಲೇಟು ಹಿಡಿದು, ಹುಣಸೆ ಮರದ ನೆರಳಿಗೆ ಹೋದರು.
ಚಕ್ಕಳಮಕ್ಕಳ ಹಾಕಿ ಕೂತು, ಮೂಳೆಯನ್ನು
ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ತಿಂದರು.

ಸಂಜೆ ಲೆಕ್ಕ. ಪ್ಲೇಟು ಇನ್ನೂರ ಹದಿನಾಲ್ಕು.
ಇಪ್ಪತ್ತೈದು ಸಾವಿರದ ಆರುನೂರ ಎಂಬತ್ತು ಇರಬೇಕಾದಲ್ಲಿ
ಇಪ್ಪತ್ತೈದು ಸಾವಿರದ ಏಳುನೂರು.
ದುಂಡಗಿದೆ, ಒಳ್ಳೆಯದಾಯಿತು ಎಂದರು ಡಿಸೋಜ.
ಇಪ್ಪತ್ತು ಯಾವ ಬಾಬತ್ತು, ಎಂದರು ಕಾರ್ಯದರ್ಶಿಗಳು.
ದೇಣಿಗೆ ಎನ್ನಲು ಅವರು ಕೊಟ್ಟದ್ದಲ್ಲ,
ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ.
ಇತರೆ, ಎಂದು ಬರೆದು ಗೆರೆ ಎಳೆದೆ.

ವಾಪಸು ಕೊಡಬೇಕೆಂದು ಆ ನೋಟನ್ನು ಬೇರೆಯೇ ಇಟ್ಟಿದ್ದೇನೆ,
ಡಬ್ಬಿಗೆ ನನ್ನದೊಂದು ಹಾಕಿ.
ಅವರ ಮನೆ ಮುಂದೆ ಎರಡು ಸಲ ಹಾದೆ.
ಬಾಗಿಲು ಬಡಿದರೆ ಕೇಳುವುದಿಲ್ಲ.
ಲೈಟಿನ ಸ್ವಿಚ್ಚು ಒಳಗಿದೆ.